ಕಾಡಿನಲ್ಲಿ ಚೆಲ್ಲಿದ ಚರಗ

ಮೊನ್ನೆ ನಾಸಿಕದ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುವಾಗ ಯಾರದೋ ಮನೆಯಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ ಬಂತು. ಅಲ್ಲೇ ನಿಂತುಬಿಟ್ಟೆ. ಕಾಕಾ ನೆನಪಾದರು...

ತೊಂಬತ್ತರ ದಶಕದ ಮಾತು. ಕಾಕಾ ನಮ್ಮ ಪಕ್ಕದ ಮನೆಯವರು, ವಿಜಾಪುರದ ಕಡೆಯವರು. ನನ್ನ ಹಾಗೆಯೇ ಬ್ಯಾಂಕಿನ ವರ್ಗಾವಣೆಯಲ್ಲಿ ಇಲ್ಲಿಗೆ ಬಂದು ಬಿದ್ದವರು. ವರ್ಷವಿಡೀ ರಜೆ ಕೇಳದ ಮನುಷ್ಯ ಎಳ್ಳಮಾವಾಸ್ಯೆಗೆ ಮಾತ್ರ ಊರಿಗೆ ಹೋಗಿಯೇ ತೀರುತ್ತಿದ್ದರು. ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಎಡೆಯ ಅಡುಗೆಯನ್ನು ಬೆಳೆಯ ಮೇಲೆ ಚೆಲ್ಲಬೇಕು. ಅದೇ ಚರಗ. ಚೆಲ್ಲುವವರು ಮುಂದೆ ‘ಹುಲ್ಲುಲ್ಲಿಗ್ಯೋ’ ಎಂದು ಕೂಗುತ್ತ ಹೋಗಬೇಕು, ನೀರು ಚಿಮುಕಿಸುವವರು ಹಿಂದಿನಿಂದ ಓಗೊಡಬೇಕು. ಒಂದು ವರ್ಷ ಆ ಹೊಲವೇ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. "ಇನ್ನ ಚರಗಾ ಎಲ್ಲಿ ಚೆಲ್ಲೂದ್ರೀ?" ಎಂದು ಕೇಳಿದವರು ಉತ್ತರಕ್ಕೂ ಕಾಯದೆ ಒಳಗೆ ಹೋದರು.

ಹಬ್ಬದ ದಿನ ಮನೆಯಲ್ಲಿ ಕೂತು ಕೊರಗುವುದು ಬೇಡವೆಂದು ನಾನೇ ಅವರನ್ನು ಗೌತಾಳಾ ಕಾಡಿಗೆ ಹೊರಡಿಸಿದೆ. ಕಾಡಿರುವುದು ಈಗಿನ ಸಂಭಾಜಿನಗರ ಜಿಲ್ಲೆಯ ಕಡೆ, ಆಗಿನ್ನೂ ಅದು ಔರಂಗಾಬಾದ್. ಮೂರು ದಿನದ ನಡಿಗೆ, ದಾರಿ ತೋರಿಸಲು ಲಾತೂರ ಕಡೆಯ ಒಬ್ಬ ಗೈಡ್. ನನಗೋ ಚಿರತೆ ನೋಡುವ ಹುಚ್ಚು! ಕಾಕಾ ಮಾತ್ರ ಕಾಕಿ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಯ ಬುತ್ತಿಯನ್ನು ಯಾರ ಕೈಗೂ ಕೊಡದೆ ಹೊತ್ತು ನಡೆದರು.

ಗೈಡ್‌ನದು ಸದ್ದು ಬೇಡವೆಂಬ ಒಂದೇ ಮಂತ್ರ, "ಆವಾಜ್ ನಕೋ." ಕೆಮ್ಮು ಬಂದರೂ ನುಂಗಿಕೊಂಡೆವು. ನವಿಲು ಕಂಡವು, ನೀಲಗಾಯ್ ಕಂಡವು, ಚಿರತೆಯ ಸುಳಿವಿಲ್ಲ. ಕೊನೆಯ ದಿನ ಅಮಾವಾಸ್ಯೆ. ನೀರಿನ ಹೊಂಡದ ಬಳಿ ಹಸಿ ಹೆಜ್ಜೆ ಸಿಕ್ಕಿತು. ಉಸಿರು ಬಿಗಿಹಿಡಿದು ಕೂತೆವು. ಎದುರಿನ ಒಣಹುಲ್ಲು ಅಲುಗಿತು, ಹಳದಿ ಮೈ ತುಸು ಕಂಡಂತಾಯಿತು...

"ಹುಲ್ಲುಲ್ಲಿಗ್ಯೋ...!"

ಯಾವಾಗ ಎದ್ದು ಹೋಗಿದ್ದರೋ, ಹೊಂಡದ ದಂಡೆಯಲ್ಲಿ ಐದು ಕಲ್ಲುಗಳ ಪಕ್ಕ ಕಾಕಾ ನಿಂತಿದ್ದರು, ಕೈಯಲ್ಲಿ ಮುರಿದ ರೊಟ್ಟಿ. ಮಂಗಗಳು ಚೀರಿ ಓಡಿದವು, ನವಿಲು ಹಾರಿದವು, ಹುಲ್ಲಿನಲ್ಲಿದ್ದದ್ದು ಮಾಯವಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು. "ಏನ್ರೀ ಕಾಕಾ ಇದು?" ಎಂದೆ.

"ಹೊತ್ತು ನೆತ್ತಿಗೇರಿತ್ತ್ರೀ, ಚರಗಾ ಚೆಲ್ಲೂ ಹೊತ್ತು. ತಡಕೊಳ್ಳಾಕ ಆಗಲಿಲ್ಲ," ಎಂದರು. ಗಲ್ಲ ತೊಯ್ದಿದ್ದವು. ಮತ್ತೆ ರೊಟ್ಟಿ ಚೆಲ್ಲಿ ಕೂಗಿದರು. ಓಗೊಡುವವರಿಗಾಗಿ ಕಾದು ನಿಂತರು. ಸಿಟ್ಟಿನಲ್ಲಿ ನಾನು ಓಗೊಡಲಿಲ್ಲ.

ಗೈಡ್ ಎದ್ದು ಅವರತ್ತ ನಡೆದ. ಬೈದೇ ಬೈಯುತ್ತಾನೆ ಅಂದುಕೊಂಡೆ. ಅವನು ಚಪ್ಪಲಿ ಬಿಟ್ಟು, ಹೊಂಡದಿಂದ ಬೊಗಸೆ ನೀರೆತ್ತಿ, ಕಾಕಾ ಹಿಂದೆ ನಿಂತು ಗಂಟಲು ಬಿರಿಯುವ ಹಾಗೆ ಕೂಗಿದ: "ಓಲಗೇ ಓಲಗೇ, ಸಾಲಂ ಪೋಲಗೇ!" ಅವನ ಊರಲ್ಲೂ ಅದೇ ಹಬ್ಬ, ಕೂಗಿನ ಮಾತಷ್ಟೇ ಬೇರೆ. ನೌಕರಿಗೆಂದು ಕಾಡು ಸೇರಿದ ಮೇಲೆ ಅವನೂ ಹೊಲದ ಮುಖ ನೋಡಿರಲಿಲ್ಲವಂತೆ. ಇಬ್ಬರೂ ಹೊಂಡದ ಸುತ್ತ ಕೂಗುತ್ತ ನಡೆದರು. ಕಾಡಿನಲ್ಲಿ ಒಂದು ಪ್ರಾಣಿಯೂ ಉಳಿಯಲಿಲ್ಲ. ಆಮೇಲೆ ಮೂವರೂ ಕೂತು ಹೋಳಿಗೆ ತಿಂದೆವು.

ಮರುವರ್ಷದ ಅಮಾವಾಸ್ಯೆಗೆ ಕಾಕಾ ಬದುಕಿರಲಿಲ್ಲ. ಚಿರತೆಯನ್ನು ನಾನು ಇವತ್ತಿಗೂ ನೋಡಿಲ್ಲ, ನೋಡುವ ಆಸೆಯೂ ಹೋಗಿದೆ.

ಮೊನ್ನೆ ರೊಟ್ಟಿಯ ವಾಸನೆ ಬಂದ ಆ ಮನೆಯ ಬಾಗಿಲು ತಟ್ಟಿ, ನಾಚಿಕೆ ಬಿಟ್ಟು ಒಂದು ರೊಟ್ಟಿ ಕೇಳಿ ತಂದೆ. ತಾರಸಿಗೆ ಹೋಗಿ ಕುಂಡಗಳ ಮೇಲೆ ಮುರಿದು ಚೆಲ್ಲಿದೆ. ಕೂಗಿದೆ ಕೂಡ. ಹಿಂದಿನಿಂದ ಓಗೊಡುವವರಿಗಾಗಿ ಸ್ವಲ್ಪ ಹೊತ್ತು ನಿಂತೆ... ಆಮೇಲೆ ಕೆಳಗಿಳಿದು ಬಂದೆ.