ಅಕ್ಕ ಮುಟ್ಟದೆ ಬಿಟ್ಟ ಏಳು ಬಿಂದುಗಳು

ಅಕ್ಕನ ಬಲಗೈ ತೋರುಬೆರಳು ಮಡಿಯುತ್ತಿರಲಿಲ್ಲ. ಚಿಕ್ಕವಳಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ನರ ಹೋಗಿತ್ತಂತೆ. ಹಾಗಾಗಿ ಅವಳು ಕಂಪ್ಯೂಟರಿನ ಮೌಸನ್ನು ನಡುಬೆರಳಿನಿಂದ ಒತ್ತುತ್ತಿದ್ದಳು. ಆ ಕೈಯನ್ನು ನಾನು ಎರಡು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದ್ದೇನೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ, ಹೊಟ್ಟೆಕಿಚ್ಚಿನಿಂದ ನೋಡಿದ್ದೇನೆ.

ನಮ್ಮ ಕಚೇರಿ ಹಾನಗಲ್ಲಿನಲ್ಲಿ, ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿತ್ತು. ಕೆರೆಗಳ ಆಳ ಅಳೆಯುವುದು ನಮ್ಮ ಕೆಲಸ. ದೋಣಿಗೆ ಉಪಕರಣವೊಂದನ್ನು ಕಟ್ಟಿ ಕೆರೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಓಡಾಡಿಸುತ್ತಿದ್ದೆವು. ಅದು ನೀರೊಳಗೆ ಸದ್ದು ಬಿಟ್ಟು, ತಳದಿಂದ ಬಂದ ಮರುದನಿಯಿಂದ ಆಳ ತಿಳಿಸುತ್ತಿತ್ತು. ಹೀಗೆ ಸಾವಿರಾರು ಬಿಂದುಗಳು, ಒಂದೊಂದಕ್ಕೂ ಒಂದು ಅಂಕಿ. ಕಚೇರಿಗೆ ತಂದು ತಂತ್ರಾಂಶಕ್ಕೆ ಹಾಕಿದರೆ ಕೆರೆಯ ತಳ ಪರದೆಯ ಮೇಲೆ ಬಣ್ಣ ಹೊತ್ತು ಏಳುತ್ತಿತ್ತು: ಆಳವಿಲ್ಲದ ಕಡೆ ಹಳದಿ, ಆಳವಿದ್ದಲ್ಲಿ ನೀಲಿ. ಆದರೆ ಮೀನೋ ಜೊಂಡೋ ಅಡ್ಡ ಬಂದರೆ ಉಪಕರಣ ಸುಳ್ಳು ಆಳ ಕೊಡುತ್ತಿತ್ತು. ಅಂಥ ಬಿಂದುಗಳನ್ನು ಮೌಸಿನಿಂದ ಚೌಕ ಎಳೆದು ಆರಿಸಿ ಅಂಕಿ ತಿದ್ದಬೇಕು. ಯಾವುದನ್ನು ತಿದ್ದಬೇಕು, ಯಾವುದನ್ನು ಮುಟ್ಟಬಾರದು ಎಂದು ತಿಳಿಯುವುದೇ ಕಷ್ಟದ ಕೆಲಸ.

ನಾನು ಶಿಗ್ಗಾಂವಿಯವನು, ಹುಬ್ಬಳ್ಳಿಯಲ್ಲಿ ಎಂ.ಟೆಕ್ ಮುಗಿಸಿದವನು. ಅಕ್ಕ ಚಿಕ್ಕೇರೂರಿನವಳು. ಪಿಯುಸಿಗೆ ಓದು ನಿಂತಿತ್ತು. ಅಂಕಿ ಟೈಪು ಮಾಡಲು ಸೇರಿದವಳು ತಂತ್ರಾಂಶವನ್ನು ನೋಡಿ ನೋಡಿಯೇ ಕಲಿತಿದ್ದಳು. ಕಚೇರಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಯಜಮಾನರು ಕೂಡ.

ಮೊದಲ ವಾರವೇ ಒಂದು ಕೆರೆಯನ್ನು ನನಗೆ ಕೊಟ್ಟರು. ಬೆಳಗಿನಿಂದ ಕೂತು, ಎದ್ದು ಕಾಣುವ ಬಿಂದುಗಳನ್ನೆಲ್ಲ ತಿದ್ದಿ ತಳವನ್ನು ಬಟ್ಟೆ ಇಸ್ತ್ರಿ ಮಾಡಿದಂತೆ ನುಣುಪಾಗಿಸಿದೆ. ಅಕ್ಕ ಹಿಂದೆ ಬಂದು ನಿಂತಳು.

“ತಮ್ಮಾ, ಇದನ್ಯಾಕ ತಗದಿ?”

“ಸುತ್ತಲಿನಕಿಂತ ಭಾಳ ಬ್ಯಾರೆ ಐತ್ರಿ. ತಪ್ಪು ಅದು.”

“ಬ್ಯಾರೆ ಇದ್ದದ್ದೆಲ್ಲಾ ತಪ್ಪೇನ? ದೋಣಿ ಇದರ ಮ್ಯಾಲ ಎರಡು ಸಲ ಹೋಗೇತಿ ನೋಡು, ಉದ್ದಕೊಮ್ಮೆ, ಅಡ್ಡಕೊಮ್ಮೆ. ಎರಡೂ ಸಲ ಅಷ್ಟ ಆಳ ಬಂದೈತಿ. ಮೀನಾಗಿದ್ರ ನೀ ಎರಡನೇ ಸಲ ಬರೋತನಕ ಅಲ್ಲೇ ಕುಂತಿರತಿತ್ತೇನು?”

ಆಚೆ ಕೋಣೆಯವರು ನಕ್ಕರು. ಎರಡು ವರ್ಷ ಪುಸ್ತಕ ಓದಿ ನಾನು ಕಲಿಯದ ಮಾತನ್ನು ಅವಳು ಚಹಾದ ಲೋಟ ಹಿಡಿದುಕೊಂಡೇ ಹೇಳಿದ್ದಳು.

ಅವಳ ಬಳಿ ಉದ್ದನೆಯದೊಂದು ರಿಜಿಸ್ಟರ್ ಇತ್ತು. ಯಾವುದೇ ಅಂಕಿ ಬದಲಿಸಿದರೂ, ಅನುಮಾನ ಬಂದು ಬದಲಿಸದೆ ಬಿಟ್ಟರೂ ಅದರಲ್ಲಿ ಬರೆಯಬೇಕು: ಯಾವ ಬಿಂದು, ಮೊದಲು ಎಷ್ಟು, ಈಗ ಎಷ್ಟು, ಯಾಕೆ. “ಯಾಕಂತ ಬರದಿಯೇನು?” ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. “ತಪ್ಪಿತ್ತು” ಎಂದು ಬರೆದರೆ ಒಪ್ಪುತ್ತಿರಲಿಲ್ಲ. “ಅದು ಕಾರಣ ಅಲ್ಲ. ತಪ್ಪಂತ ನಿನಗ ಹೆಂಗ ಗೊತ್ತಾತು, ಅದನ್ನ ಬರಿ.”

ಹೊಟ್ಟೆಕಿಚ್ಚಿಗೆ ದೊಡ್ಡ ಸಂಗತಿಗಳು ಬೇಕಿಲ್ಲ. ಯಜಮಾನರು ಸವಣೂರಿಗೆ ಹೋಗಿ ತಿನ್ನಲು ಖಾರಾ ತಂದರೆ ಮೊದಲ ಮುಷ್ಟಿ ಅಕ್ಕನ ಮುಂದಿನ ಪೇಪರಿಗೆ ಬೀಳುತ್ತಿತ್ತು. ಹೊರಗಿನಿಂದ ಇಂಜಿನಿಯರುಗಳು ಬಂದರೆ ನನ್ನ ಕುರ್ಚಿ ದಾಟಿ ಅವಳ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು. ಅವಳು ರಜೆ ಹಾಕಿದ ದಿನ ಯಜಮಾನರು, “ಇದನ್ನ ಅಕ್ಕ ಬಂದಮ್ಯಾಲ ನೋಡೂಣು” ಎಂದು ನನ್ನೆದುರೇ ಕಾಗದ ಮಡಚಿಡುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದೆಂದರೆ, ನಾನು ಉರಿಯುತ್ತಿರುವುದು ಅವಳಿಗೆ ಗೊತ್ತೇ ಇರಲಿಲ್ಲ. ಮಧ್ಯಾಹ್ನ ತನ್ನ ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದು ನನಗೆ ಕೊಟ್ಟೇ ಊಟಕ್ಕೆ ಕೂರುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಅವಳ ಅವ್ವನ ಕಣ್ಣಿನ ಆಪರೇಷನ್ ಆಯಿತು. ಅಕ್ಕ ನಾಲ್ಕು ದಿನ ಊರಿಗೆ ಹೋದಳು. ಆಡೂರಿನ ಆಚೆಯ ಹಳ್ಳಿಯೊಂದರ ಕೆರೆಯನ್ನು ಮಳೆಗಾಲ ಮುಗಿದಾಗ ಅಳೆದಿದ್ದೆವು. ಈಗ ನೀರು ಇಳಿದಿತ್ತು. ಹೂಳು ತೆಗೆಯುವವರು ನಕ್ಷೆ ಕೇಳಿದರು. ಅದು ಅಕ್ಕನ ಕಡತ. ತೆಗೆದು ಮುದ್ರಿಸಿ ಕೊಟ್ಟರೆ ನನ್ನ ಕೆಲಸ ಮುಗಿಯುತ್ತಿತ್ತು. ನಾನು ಅದರಲ್ಲಿ ತಪ್ಪು ಹುಡುಕಲು ಕೂತೆ.

ಒಂದಿಡೀ ಬೆಳಗ್ಗೆ ಹುಡುಕಿದ ಮೇಲೆ ಸಿಕ್ಕಿತು. ಹಳದಿ ತಳದ ನಡುವೆ ಕಡುನೀಲಿಯ ಏಳು ಬಿಂದುಗಳು. ನಾಲ್ಕು ಬಿಂದು ದೋಣಿಯ ಉದ್ದ ಸಾಲಿನಲ್ಲಿ, ಮೂರು ಅಡ್ಡ ಸಾಲಿನಲ್ಲಿ. ಎರಡೂ ಸಾಲಿನಲ್ಲಿ ಇವೆ ಎಂಬುದು ನನಗೆ ಕಂಡಿತ್ತು. ಆದರೂ ಅವತ್ತು ಉಪಕರಣವೇ ಕೆಟ್ಟಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ರಿಜಿಸ್ಟರ್ ಅವಳ ಮೇಜಿನ ಖಾನೆಯಲ್ಲೇ ಇತ್ತು, ಬೀಗವೂ ಇರಲಿಲ್ಲ. ನಾನು ತೆರೆಯಲಿಲ್ಲ. ಅದರಲ್ಲಿ ಕಾರಣ ಇದ್ದುಬಿಟ್ಟರೆ ಎಂಬ ಹೆದರಿಕೆ.

ಚೌಕ ಎಳೆದೆ. ಏಳೂ ಬಿಂದುಗಳು ಗುಲಾಬಿ ಬಣ್ಣಕ್ಕೆ ತಿರುಗಿದವು. ಸುತ್ತಲಿನ ಆಳದ ಸರಾಸರಿ ಬರೆದು ಒತ್ತಿದೆ. ನೀಲಿ ಹೋಗಿ ಹಳದಿಯಾಯಿತು. ನಕ್ಷೆ ಮುದ್ರಿಸಿ ಯಜಮಾನರ ಮುಂದಿಟ್ಟು, “ಅಕ್ಕ ಒಂದು ತಪ್ಪು ಬಿಟ್ಟಿದ್ರು, ಸರಿ ಮಾಡೇನ್ರಿ” ಎಂದೆ. ಅವರು ಕನ್ನಡಕ ಏರಿಸಿ ನೋಡಿ, “ಭೇಷ್” ಎಂದರು. ಆ ಒಂದು ಮಾತಿನ ಸುಖ ಎರಡು ದಿನ ಇತ್ತು.

ಅಕ್ಕ ಬಂದ ಬೆಳಗ್ಗೆ, ಚೀಲ ಹೆಗಲಿನಿಂದ ಇಳಿಸುವ ಮೊದಲೇ ಕಡತ ತೆರೆದಳು. ಮೊದಲಿನ ಆಳಗಳನ್ನು ಅವಳು ಯಾವಾಗಲೂ ಬೇರೆ ಕಾಲಮಿನಲ್ಲಿ ಉಳಿಸಿಡುತ್ತಿದ್ದಳು. ಎರಡನ್ನೂ ಹೋಲಿಸಿ ನೋಡಿದಳು.

“ಈ ಏಳು ಯಾರು ಬದಲಿಸಿದ್ದು?”

“ನಾನ್ರಿ.”

ರಿಜಿಸ್ಟರ್ ತೆಗೆದು ನನ್ನ ಮುಂದಿಟ್ಟಳು. ಅವಳ ದುಂಡನೆಯ ಅಕ್ಷರ: ‘ಏಳೂ ನಿಜ. ಹಳೆಯ ಬಾವಿ. ದಂಡೆಯ ಮೇಲೆ ಬಟ್ಟೆ ಒಗೆಯುವ ಅಜ್ಜಿ ಜಾಗ ತೋರಿಸಿದಳು. ಹೂಳು ತೆಗೆಯುವವರಿಗೆ ತಿಳಿಸಬೇಕು.’

“ನಕಾಶಿ ಹೋತೇನು?”

“ಮೊನ್ನೆ ಹೋತ್ರಿ. ಕೆಲಸ ಇವತ್ತ ಚಾಲೂ.”

ಹೂಳು ತೆಗೆಸುವ ಮೇಸ್ತ್ರಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. “ಗಾಡಿ ತಗಿ” ಎಂದಳು.

ಕೆರೆಯ ದಂಡೆಗೆ ಬಂದಾಗ ನಡುವಿನಲ್ಲಿ ಇನ್ನೂ ಮೊಣಕಾಲುದ್ದ ಕೆಸರು ನೀರು ನಿಂತಿತ್ತು, ತಳ ಕಾಣುತ್ತಿರಲಿಲ್ಲ. ಟ್ರ್ಯಾಕ್ಟರೊಂದು ಆ ನೀರಿಗೇ ಇಳಿದಿತ್ತು. ಟ್ರಾಲಿಯಲ್ಲಿ ಮಣ್ಣು ಹೇರುವ ನಾಲ್ವರು ಹೆಂಗಸರು ಬುಟ್ಟಿ ಹಿಡಿದು ಕೂತಿದ್ದರು. ಅಕ್ಕ ಸೀರೆ ಎತ್ತಿ ಕಟ್ಟಿ ರಾಡಿಯಲ್ಲೇ ಓಡಿದಳು. ನಾನು ಹಿಂದೆ.

“ನಿಲ್ಲಸೋ ಅಣ್ಣಾ! ನಿಲ್ಲಸು!”

ಚಾಲಕ ನಿಲ್ಲಿಸಿದ. ಅವನಿಗೆ ಸಿಟ್ಟು ಬಂದಿತ್ತು. “ಯಾಕ್ರಿ? ನಕಾಶಿ ನೋಡೇ ಇಳದೇನಿ. ಇಲ್ಲೆಲ್ಲಾ ಸಪಾಟ ಐತಿ.” ಜೇಬಿನಿಂದ ಮಡಚಿದ ಹಾಳೆ ತೆಗೆದು ಬಿಡಿಸಿದ. ನನ್ನ ಹಳದಿ.

ಅಕ್ಕ ವಾದಕ್ಕೆ ನಿಲ್ಲಲಿಲ್ಲ. ಅಲ್ಲಿದ್ದ ಬಿದಿರಿನ ಗಳ ತೆಗೆದುಕೊಂಡು ಟ್ರ್ಯಾಕ್ಟರಿನ ಮುಂದೆ ನಡೆಯುತ್ತ ಒಂದೊಂದೇ ಹೆಜ್ಜೆಗೆ ಚುಚ್ಚಿ ನೋಡತೊಡಗಿದಳು. ನಾನು ಮೊಬೈಲಿನಲ್ಲಿ ಜಾಗ ನೋಡಿ, “ಎಡಕ್ರಿ ಅಕ್ಕಾ, ಇನ್ನೂ ಎಡಕ್ಕ” ಎನ್ನುತ್ತಿದ್ದೆ. ನಾಲ್ಕು ಹೆಜ್ಜೆ ಆಯಿತು, ಐದಾಯಿತು. ಆರನೆಯ ಹೆಜ್ಜೆಗೆ ಗಳ ತಳ ಮುಟ್ಟಲಿಲ್ಲ. ಅವಳ ಕೈ ಭುಜದವರೆಗೆ ನೀರಿಗೆ ಹೋಯಿತು, ಆಗಲೂ ಮುಟ್ಟಲಿಲ್ಲ.

ಚಾಲಕ ಗಳವನ್ನು ನೋಡಿದ, ತನ್ನ ಮುಂದಿನ ಗಾಲಿಯನ್ನು ನೋಡಿದ. ಟ್ರಾಲಿಯಲ್ಲಿದ್ದವರಲ್ಲಿ ಒಬ್ಬಳು “ಯವ್ವಾ” ಎಂದಳು. ಆಮೇಲೆ ಒಬ್ಬೊಬ್ಬರಾಗಿ ಹಿಂದಿನಿಂದ ಕೆಳಗಿಳಿದರು.

ಸಂಜೆ ಯಜಮಾನರು ನಮ್ಮಿಬ್ಬರನ್ನೂ ಕರೆದರು. ಅಕ್ಕ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾಳೆ ಎಂದು ಒಳಗೊಳಗೇ ಆಸೆ ಪಟ್ಟಿದ್ದೆ. ಅವಳು ಹಾಗೆ ಮಾಡಲಿಲ್ಲ.

“ಬದಲಿಸಿದಾಂವ ಇಂವ. ಯಾಕಂತ ಅವನ್ನ ಕೇಳ್ರಿ.”

ನಾನು ಉಪಕರಣದ ನೆಪ ಹೇಳಿದೆ. ಯಜಮಾನರು ಬೈದರು, ಕೆಲಸದಿಂದ ತೆಗೆಯುವ ಮಾತೂ ಬಂತು. ಅದಕ್ಕೆ ಅಕ್ಕ, “ಇರ್ಲಿ ಬಿಡ್ರಿ. ಇನ್ನ ಇಂಥಾದ್ದು ಮಾಡಂಗಿಲ್ಲ ಅಂವ” ಎಂದಳಷ್ಟೇ. ಹೊರಗೆ ಬಂದ ಮೇಲೆ ರಿಜಿಸ್ಟರ್ ತೆರೆದು ಪೆನ್ನು ಕೊಟ್ಟಳು. “ಬರಿ.”

‘ಉಪಕರಣ ಕೆಟ್ಟಿದೆ ಎಂದು ತಿಳಿದೆ’ ಎಂದು ಬರೆದೆ. ಅವಳು ಓದಿ ತಲೆ ಅಲ್ಲಾಡಿಸಿದಳು.

“ಖರೇ ಕಾರಣ ಬರಿ, ತಮ್ಮಾ.”

ಬರೆದದ್ದನ್ನು ಹೊಡೆದು ಹಾಕಿದೆ. ಕೊನೆಗೆ ಬರೆದೆ: ‘ಅಕ್ಕನ ಮೇಲೆ ಹೊಟ್ಟೆಕಿಚ್ಚು.’

ಅವಳು ಅದನ್ನು ಎರಡು ಸಲ ಓದಿದಳು. ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ, ಆಶ್ಚರ್ಯ ಬಂತು.

“ನನ್ನ ಮ್ಯಾಲೇನ? ನೀ ಸೇರಿದ ದಿನ ನಿನ್ನ ಡಿಗ್ರಿ ಸರ್ಟಿಫಿಕೇಟ್ ಜೆರಾಕ್ಸ್ ಮಾಡಿದಾಕಿ ನಾನು. ಆ ಮಷಿನ್ ಮುಂದ ನಿಂತು ಎಷ್ಟ ಹೊತ್ತು ಅದನ್ನ ನೋಡೇನಿ ಗೊತ್ತೈತೇನು? ನನ್ನ ಹೊಟ್ಟಿ ಎಷ್ಟು ಉರದಿತ್ತು ಅವತ್ತ. ಎರಡು ದಿನ ನಿನ್ನ ಜೋಡಿ ನಾ ಮಾತ ಆಡಿರ್ಲಿಲ್ಲ.” ರಿಜಿಸ್ಟರ್ ಮುಚ್ಚುತ್ತ ಹೇಳಿದಳು, “ಆದ್ರ ಆ ಸರ್ಟಿಫಿಕೇಟ್ ಹರೀಲಿಲ್ಲ ನೋಡು.”

ನನಗೆ ಅಳು ಬಂದದ್ದು ಆಗಲೇ, ಬೈಗುಳ ತಿನ್ನುವಾಗ ಅಲ್ಲ.

ಮುಂದಿನ ವರ್ಷ ದೊಡ್ಡ ನದಿಯೊಂದರ ಕೆಲಸಕ್ಕೆ ಹೊರಗಿನವರು ಅವಳನ್ನು ಕರೆದುಕೊಂಡು ಹೋದರು. ನಾನೂ ಅರ್ಜಿ ಹಾಕಿದ್ದೆ. ನನ್ನನ್ನು ಕರೆಯಲಿಲ್ಲ. ಅವಳು ಹೋದ ಮೇಲೆ ಹೊರಗಿನಿಂದ ಬಂದವರು ನನ್ನ ಕುರ್ಚಿಯ ಹಿಂದೆ ನಿಲ್ಲತೊಡಗಿದರು. ಇದಕ್ಕಾಗಿ ಎಷ್ಟು ಹಂಬಲಿಸಿದ್ದೆನೋ, ಕೈಗೆ ಬಂದಾಗ ಅಷ್ಟು ರುಚಿಯಿರಲಿಲ್ಲ.

ಹೋದ ತಿಂಗಳು ಅಕ್ಕನ ಫೋನ್ ಬಂತು. “ತಮ್ಮಾ, ನದಿ ತಳದಾಗ ಒಂದು ಕಡೆ ಅನುಮಾನ ಐತಿ. ನನಗ ತಿಳಿವಲ್ದು. ಕಡತ ಕಳಿಸೇನಿ, ನೋಡಿ ಹೇಳ್ತಿಯೇನು?”

ಇಡೀ ದಿನ ನೋಡಿದೆ. ಬೇರೆ ಕೆಲಸ ಮುಟ್ಟಲಿಲ್ಲ. ಸಂಜೆ ಫೋನ್ ಮಾಡಿ, “ಅದು ಖರೇ ತೆಗ್ಗ ಐತ್ರಿ ಅಕ್ಕಾ, ತಿದ್ದಬ್ಯಾಡ್ರಿ” ಎಂದೆ. ಹೇಗೆ ಗೊತ್ತಾಯಿತು ಎಂದೂ ಹೇಳಿದೆ.

“ಹಂಗಾರ ನಿನ್ನ ಮಾತಿನ ಮ್ಯಾಲ ಹಂಗ ಕಳಸ್ತೇನಿ” ಎಂದಳು.

ಅವಳ ಕಡತ ಕೆಡಿಸಿದವನು ನಾನು. ಅವಳ ಜಾಗದಲ್ಲಿ ನಾನಿದ್ದಿದ್ದರೆ ನನ್ನಂಥವನನ್ನು ಜನ್ಮದಲ್ಲಿ ಕೇಳುತ್ತಿರಲಿಲ್ಲ. ಅವಳು ಕೇಳಿದಳು, ಕೇಳಿ ನಂಬಿದಳು. ಫೋನ್ ಇಟ್ಟ ಮೇಲೆ ತಿಳಿಯಿತು, ನನಗೆ ಅವಳ ಕೆಲಸದ ಮೇಲಿನ ಹೊಟ್ಟೆಕಿಚ್ಚು ಎಂದೋ ಮುಗಿದಿದೆ. ಈಗಿರುವುದು ಆ ಮನಸ್ಸಿನ ಮೇಲೆ.