ಸಕ್ಕರೆಯನ್ನು ಸಕ್ಕರೆ ಎಂದವರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ನಮ್ಮೂರ ನರ್ಸಮ್ಮ ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ಆ ಕೈ ನನ್ನ ಮಗಳ ಗಲ್ಲ ಹಿಡಿದಿತ್ತು. ಹಾಗಾಗಿ ಮುಳ್ಳು ನನಗೆ ಕಂಡಿತು. ಈಗಲೂ ಕಾಣುತ್ತದೆ.

ಮಗಳಿಗೆ ಆರು ವರ್ಷ. ಡಯಾಬಿಟಿಸ್ ಎಂದು ಊಟಿಯ ಆಸ್ಪತ್ರೆಯಲ್ಲಿ ಹೇಳಿ ತಿಂಗಳಾಗಿತ್ತಷ್ಟೆ. ಅಂದು ಇನ್ಸುಲಿನ್ ಊಸಿ ಚುಚ್ಚಿದ ಮೇಲೆ ಊಟ ಅರ್ಧಕ್ಕೇ ಬಿಟ್ಟಿದ್ದಳು. ನಮ್ಮೂರು ತುಮ್ಮನಟ್ಟಿಯ ಆ ಚಳಿಯಲ್ಲೂ ಬೆವರುತ್ತಿದ್ದಳು. ರಕ್ತದಲ್ಲಿ ಸಕ್ಕರೆ ಇಳಿದಿದೆ ಎಂದು ಗೊತ್ತಾಗಿ ಸಕ್ಕರೆ ನೀರು ಹಿಡಿದರೆ ಲೋಟ ತಳ್ಳಿದಳು.

"ಬ್ಯಾಡ! ಸಕ್ಕರೆ ತಿಂದ್ರೆ ಸತ್ತೋಗ್ತೀನಿ." ಹಲ್ಲು ಕಚ್ಚಿಕೊಂಡಳು.

ಆ ಮಾತು ನನ್ನದೇ. ಅವಳು ಸಕ್ಕರೆ ಡಬ್ಬಕ್ಕೆ ಕೈ ಹಾಕಿದ್ದಾಗ ಹೆದರಿಸಲು ಹೇಳಿದ್ದೆ. ಬಿ.ಎಸ್ಸಿ. ಓದಿದವಳು ನಾನು.

ಅತ್ತೆ ಓಡಿಹೋಗಿ ನರ್ಸಮ್ಮನನ್ನು ಕರೆತಂದರು. ನಾನು ಅವರ ಕಿವಿಯಲ್ಲಿ, "ಸಕ್ಕರೆ ತಿಂದ್ರೆ ಸಾಯ್ತೀಯ ಅಂತ ನಾನೇ ಹೆದರಿಸಿದ್ದೆ. ಔಷಧಿ ಅಂತ ಹೇಳಿ ಕುಡಿಸಿಬಿಡಿ" ಎಂದೆ.

"ಸುಳ್ಳು ಹೇಳಿದ್ರೆ ನಾಳೆ ಯಾರನ್ನ ನಂಬ್ತಾಳೆ?" ಎಂದವರು ಮಗಳತ್ತ ಬಾಗಿದರು. "ಕೂಸೇ, ಇದು ಸಕ್ಕರೆಯೇ. ಈಗ ನಿಂಗೆ ಬೇಕಾಗಿರೋದೂ ಇದೇ. ನಿಮ್ಮಮ್ಮ ತಪ್ಪು ಹೇಳವ್ಳೆ. ಬೇಕಾದ್ರೆ ಕೇಳು."

ಮಗಳು ನನ್ನತ್ತ ಕಣ್ಣು ಹೊರಳಿಸಿದಳು.

"ಹೌದು ಮಗಾ, ತಪ್ಪು ಹೇಳ್ದೆ."

ಬಾಯಿ ತೆರೆಯಿತು. ಗುಟುಕು ಗುಟುಕಾಗಿ ಕುಡಿದಳು. ಮೂರು ಇಪ್ಪತ್ತೈದಕ್ಕೆ, "ಬಿಸ್ಕತ್ತೂ ತಿನ್ಬೋದಾ?" ಎಂದಳು.

"ನೋಡಿದ್ಯಾ, ಕಳ್ಳಿ!" ನರ್ಸಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಅವರು ದಿನಾ ಬಂದರು. ಸ್ವೆಟರ್ ಮೇಲೆ ಶಾಲು, ಕೆಸರು ಮೆತ್ತಿದ ಶೂ. ನನ್ನನ್ನಲ್ಲ, ಮಗಳನ್ನೇ ಕೇಳುತ್ತಿದ್ದರು.

"ಊಸಿ ಯಾಕೆ ಹಾಕ್ತಾರೆ, ಹೇಳು?"

"ಕದ್ದು ತಿಂದಿದ್ದಕ್ಕೆ."

"ಹಂಗಾರೆ ನಂಗೆ ದಿನಕ್ಕೆ ಹತ್ತು ಹಾಕ್ಬೇಕು!" ಎಂದು ಅವಳನ್ನು ಒಲೆಯ ಮುಂದೆ ಕೂರಿಸಿಕೊಂಡರು. "ಸಕ್ಕರೆ ಅಂದ್ರೆ ಸೌದೆ. ಹೊರಗೆ ರಾಶಿ ಇದ್ರೂ ಒಳಗೆ ತಂದು ಹಾಕೋರಿಲ್ದೆ ಒಲೆ ಉರಿಯಲ್ಲ. ಊಸಿ ತಂದು ಹಾಕ್ತದೆ. ಒಂದೊಂದ್ಸಲ ಹೊರಗಿನ ಸೌದೆಯೇ ಖಾಲಿ ಆಗ್ತದೆ, ಮೈ ನಡುಗ್ತದೆ. ಆವಾಗ ನೀನೇ ಕೇಳಿ ಇಸ್ಕೋಬೇಕು."

ಮುಂದೆ ಅವರಿಗೆ ಗೂಡಲೂರಿಗೆ ವರ್ಗವಾಯಿತು. ನಾನು ಮಾತ್ರ ರಾತ್ರಿ ಎರಡೆರಡು ಬಾರಿ ಎದ್ದು ಮಗಳ ಹಣೆ ಮುಟ್ಟುತ್ತಲೇ ಇದ್ದೆ.

ಒಂದು ಭಾನುವಾರ ಕ್ಯಾರೆಟ್ ತೊಳೆಯುತ್ತಿದ್ದೆ. ಮಗಳು ಬಂದು ನಡುಗುವ ಕೈ ಚಾಚಿದಳು.

"ಅಮ್ಮಾ, ಸೌದೆ ಖಾಲಿ. ಸಕ್ಕರೆ ಕೊಡು."

ಕೊಟ್ಟೆ. ಮಲಗುವ ಮುಂಚೆ ಅವಳ ಬೆರಳು ಚುಚ್ಚಿ ಸಕ್ಕರೆ ನೋಡಿದೆ, ಸರಿಯಿತ್ತು. ಅಂದು ರಾತ್ರಿ ಒಮ್ಮೆಯೂ ಏಳದೆ ನಿದ್ದೆಹೋದ ನನ್ನನ್ನು ಬೆಳಿಗ್ಗೆ ಅವಳೇ ಎಬ್ಬಿಸಿದಳು.