ಒಂದು ಹಾಳೆಯಲ್ಲಿ ಇಡೀ ಮನೆ

ನಮ್ಮ ಚಿಕ್ಕಮ್ಮ ದರ್ಜಿ. ಒಂದು ಅಂಗಿಯ ಬಟ್ಟೆ ಕೊಟ್ಟರೆ ಅಂಗಿ ಹೊಲಿದು, ಉಳಿದ ಚೂರಿನಲ್ಲಿ ಮಗುವಿಗೊಂದು ಕುಲಾವಿಯನ್ನೂ ತೆಗೆಯುವ ಪೈಕಿ. ಅವಳ ಫೋನಿನಲ್ಲಿ ಮನೆಮಂದಿಯ ಫೋಟೊಗಳು ತುಂಬಿ ತುಳುಕುತ್ತಿದ್ದವು. ಗೋಡೆಯ ಮೇಲೆ ಮಾತ್ರ ಒಂದೂ ಇರಲಿಲ್ಲ.

ಅಜ್ಜಿಗೆ ಬೇಕಾದದ್ದು ಅದರಲ್ಲಿ ಒಂದೇ ಒಂದು. ಹೋದ ಸಲ ಅಜ್ಜಿಯ ತಂಗಿ ಬಂದಾಗ ತೆಗೆದದ್ದು. ಹಲ್ಲಿಲ್ಲದ ಇಬ್ಬರೂ ಅಕ್ಕಪಕ್ಕ ಕುಳಿತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಈಗ ಇಬ್ಬರಿಗೂ ಮಂಡಿನೋವು, ಪ್ರಯಾಣ ಕನಸಿನ ಮಾತು. ಹಾಗಾಗಿ ಅಜ್ಜಿ ದಿನಾ ಫೋನ್ ಕೇಳಿ ಇಸಿದುಕೊಂಡು ತಂಗಿಯ ಕೆನ್ನೆ ಸವರುತ್ತಿದ್ದಳು. ಬೆರಳು ತಾಗಿದ್ದೇ ತಡ, ಫೋಟೊ ಸರಿದು ಯಾರದೋ ಅಂಗಿಯ ಕಾಲರ್ ಬಂದು ನಿಲ್ಲುತ್ತಿತ್ತು.

"ನೋಡೇ, ಮುಟ್ಟಿದ್ರೆ ಸಾಕು, ಓಡಿಹೋಗ್ತಾಳೆ. ಚಿಕ್ಕಂದಿನಿಂದ್ಲೂ ಹಾಗೇ," ಎಂದು ಅಜ್ಜಿ ನಗುತ್ತ ಫೋನ್ ವಾಪಸ್ ಕೊಡುತ್ತಿದ್ದಳು. ಆ ನಗು ಕಂಡರೆ ಚಿಕ್ಕಮ್ಮನಿಗೆ ಅಳು ಬರುತ್ತಿತ್ತು. ತನ್ನಮ್ಮನ ಕೈಗೆ ಆ ಫೋಟೊ ಕೊಟ್ಟೇ ತೀರಬೇಕೆಂದು ನನ್ನನ್ನೂ ಎಳೆದುಕೊಂಡು ಸ್ಟುಡಿಯೋಗೆ ಹೊರಟಳು.

ಹೇಗೂ ಬಂದದ್ದಾಯಿತು, ಗೋಡೆಗೆ ಉಳಿದವರ ಫೋಟೊಗಳೂ ಇರಲಿ ಎಂದುಕೊಂಡರೆ, ಅಲ್ಲಿ ಒಂದೊಂದು ಫೋಟೊಗೂ ಬೇರೆ ಬೇರೆ ದುಡ್ಡು. ಮನೆಮಂದಿಯನ್ನೆಲ್ಲ ಮುದ್ರಿಸಲು ಹೋದರೆ ಮನೆಯನ್ನೇ ಮಾರಬೇಕು. ಅಷ್ಟರಲ್ಲಿ ಗೋಡೆಗೆ ಅಂಟಿಸಿದ್ದ ದೊಡ್ಡ ಫೋಟೊ ಒಂದು ಅವಳ ಕಣ್ಣಿಗೆ ಬಿತ್ತು.

"ಇದಕ್ಕೆಷ್ಟಪ್ಪಾ?"

ಸ್ಟುಡಿಯೋದವನು ಹೇಳಿದ ಬೆಲೆ ಕೆಲವೇ ಸಣ್ಣ ಫೋಟೊಗಳಿಗೆ ಸಮ. ಚಿಕ್ಕಮ್ಮನ ಮುಖ ಅರಳಿಹೋಯಿತು.

"ಹಾಗಾದ್ರೆ ಎಲ್ಲರನ್ನೂ ಇದೊಂದ್ರಲ್ಲೇ ಕೂರಿಸು. ಕತ್ತರಿಸೋದು ನನಗೆ ಬಿಡು!"

ಅಬ್ಬಬ್ಬಾ, ಆಮೇಲಿನ ಸಡಗರ! ಅವನ ಬೆನ್ನ ಹಿಂದೆಯೇ ನಿಂತು, ಕಂಪ್ಯೂಟರ್ ಪರದೆಗೆ ಬೆರಳಿಟ್ಟು ಒಂದೇ ಸಮನೆ ಹೇಳುತ್ತಿದ್ದಳು. "ಅಣ್ಣನ್ನ ಅಡ್ಡ ಮಲಗಿಸು. ಅವನ ಕಾಲ ಹತ್ರ ಪಾಪು ಹಿಡಿಸುತ್ತೆ. ಅಮ್ಮ, ಅವಳ ತಂಗಿ ಇಬ್ರೂ ನಟ್ಟನಡುವೆ, ದೊಡ್ಡದಾಗಿ!"

"ಅಕ್ಕಾ, ಇದೇನು ಫೋಟೊನೋ, ಬಸ್ಸೋ?"

"ಜಾಗ ಖಾಲಿ ಇದೆಯಲ್ಲ, ಹತ್ತಿಸಪ್ಪಾ!"

ಹಾಳೆ ಹೊರಬಂದಾಗ ಬೆರಳು ತೂರಿಸುವಷ್ಟೂ ಜಾಗ ಉಳಿದಿರಲಿಲ್ಲ. ನಾವಿಬ್ಬರೂ ಹೆಚ್ಚುಕಡಿಮೆ ಓಡುತ್ತಲೇ ಮನೆ ಸೇರಿದೆವು. ಅಜ್ಜಿ ಆಗಲೇ ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕಾಯುತ್ತಿದ್ದಳು. ಚಿಕ್ಕಮ್ಮ ಹಾಳೆ ಹಾಸಿದಳು. ಸಂಭ್ರಮದಲ್ಲಿ ಅವಳ ಕೈ ದಿನಾ ಮಾಡುವುದನ್ನೇ ಮಾಡಿತು: ಹಾಳೆಯನ್ನು ಬಟ್ಟೆಯಂತೆ ಸರಿಯಾಗಿ ನಡುವಿಗೆ ಮಡಚಿ, ಉಗುರಿನಿಂದ ಗಟ್ಟಿಯಾಗಿ ಗೀರಿ, ಕತ್ತರಿ ಎತ್ತಿಕೊಂಡಿತು.

"ಚಿಕ್ಕಮ್ಮಾ!" ನಾನು ಕಿರುಚುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕತ್ತರಿ ಇನ್ನೂ ತಾಗಿರಲಿಲ್ಲ, ಮಡಿಕೆ ಮಾತ್ರ ಬಿದ್ದಾಗಿತ್ತು. ಬಿಡಿಸಿ ನೋಡಿದೆವು. ಅಡ್ಡ ಮಲಗಿದ್ದ ಮಾವನ, ಅಂದರೆ ಚಿಕ್ಕಮ್ಮನ ಅಣ್ಣನ, ಹೊಟ್ಟೆಯ ಮೇಲೆ ಮಡಿಕೆ ಬಿದ್ದದ್ದಕ್ಕೆ ಯಾರೂ ಮರುಗಲಿಲ್ಲ, ಅಲ್ಲಿ ಮೊದಲೇ ಮೂರಿದ್ದವು. ಆದರೆ ಅದೇ ಗೆರೆ ಅಜ್ಜಿಗೂ ಅವಳ ತಂಗಿಗೂ ನಡುವೆ ನೆಟ್ಟಗೆ ಇಳಿದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಚಿಕ್ಕಮ್ಮನ ಕಣ್ಣು ತುಂಬಿತು.

"ಇನ್ನೊಂದು ಹಾಕಿಸ್ತೀನಮ್ಮ."

"ಮೊದ್ಲು ಇದನ್ನ ಕೊಡೇ ಇಲ್ಲಿ."

ಚಿಕ್ಕಮ್ಮ ಅದೊಂದನ್ನು ಕತ್ತರಿಸಿ ಕೊಟ್ಟಳು. ಅಜ್ಜಿ ಆ ಗೆರೆಯಲ್ಲೇ ಫೋಟೊವನ್ನು ತುಸು ಬಾಗಿಸಿ ಮೇಜಿನ ಮೇಲೆ ಇಟ್ಟಳು. ಅರೆ! ಚೌಕಟ್ಟಿಲ್ಲದೆ ತಾನಾಗಿಯೇ ನಿಂತಿತು. ಅಕ್ಕಪಕ್ಕ ಕುಳಿತಿದ್ದವರು ಈಗ ಒಬ್ಬರಿಗೊಬ್ಬರು ಎದುರಾಗಿ ನಗುತ್ತಿದ್ದರು.

ಅಜ್ಜಿ ಮೆಲ್ಲಗೆ ತಂಗಿಯ ಕೆನ್ನೆಗೆ ಬೆರಳು ತಾಗಿಸಿ ಕಾದಳು. ಇನ್ನೊಮ್ಮೆ, ಸ್ವಲ್ಪ ಒತ್ತಿಯೇ, ಸವರಿದಳು.

"ಈಗ ಓಡೇ ನೋಡೋಣ!" ಎಂದಳು.